ರೋಗಿಗೊಬ್ಬನಿಗೇ ತಿಳಿಯದ ರೋಗ

ನಮ್ಮ ಮನೆಗಳಲ್ಲಿ ಕೆಲವು ಕಾಯಿಲೆಗಳಿಗೆ ಹೆಸರಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳ ವಿಷಯವನ್ನು ಮದುವೆಮನೆಯ ಪಂಕ್ತಿಯಲ್ಲಿ ಕುಳಿತೂ ನಿಸ್ಸಂಕೋಚವಾಗಿ ಮಾತನಾಡುತ್ತೇವೆ. ಕ್ಯಾನ್ಸರ್ ವಿಷಯ ಬಂದಾಗ ಮಾತ್ರ ದನಿ ತಗ್ಗುತ್ತದೆ. 'ದೊಡ್ಡ ಕಾಯಿಲೆಯಂತೆ', 'ಗಡ್ಡೆಯಂತೆ', 'ಅದೇ ಅಂತೆ' ಎಂಬ ಮಾತುಗಳು ಹೊರಡುತ್ತವೆ. ಈ ಪಿಸುಮಾತು ನೆಂಟರಿಷ್ಟರ ಮನೆಗಳನ್ನೆಲ್ಲ ಸುತ್ತಿ ಬರುತ್ತದೆ; ಯಾರ ಮೈಯಲ್ಲಿ ಆ ಕಾಯಿಲೆ ಇದೆಯೋ ಅವರ ಹಾಸಿಗೆಯ ಬಳಿ ಬಂದಾಗ ಮಾತ್ರ ನಿಂತುಬಿಡುತ್ತದೆ. ಊರಿಗೆಲ್ಲ ಗೊತ್ತಿರುವುದು ರೋಗಿಗೊಬ್ಬನಿಗೆ ಗೊತ್ತಿರುವುದಿಲ್ಲ.

ಇದರ ಹಿಂದೆ ಇರುವುದು ಪ್ರೀತಿಯೇ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಪ್ರೀತಿಯು ಚಿಕಿತ್ಸೆಗೆ ಸಹಾಯ ಮಾಡುವುದಕ್ಕಿಂತ ಅಡ್ಡಿ ಮಾಡುವುದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ತಿಳಿವಳಿಕೆಯ ವಯಸ್ಸಿಗೆ ಬಂದ ರೋಗಿಗೆ ಅವನ ರೋಗದ ಹೆಸರನ್ನು ಮೊದಲು ತಿಳಿಸಬೇಕು. ನೆಂಟರಿಗೆ ಆಮೇಲೆ ತಿಳಿದರೆ ಸಾಕು. ಹೀಗೆ ಹೇಳಲು ನಮ್ಮ ಕುಟುಂಬದಲ್ಲಿಯೇ ನಡೆದ ಒಂದು ಪ್ರಸಂಗ ಕಾರಣವಾಗಿದೆ.

ಆತ ನನ್ನ ಅಕ್ಕನ ಮೊಮ್ಮಗ. ಬಂಧುಗಳಿಗೆ ಯಾರೆಂಬುದು ತಿಳಿದೇ ಇದೆಯಾದ್ದರಿಂದ ಹೆಸರು ಬರೆಯುವ ಅಗತ್ಯವಿಲ್ಲ. ಈ ವಿಷಯ ಬರೆಯಬಹುದೇ ಎಂದು ಅವನನ್ನೇ ಕೇಳಿದೆ. "ಬರೀರಿ ಮೇಷ್ಟ್ರುತಾತ, ಆದ್ರೆ ನನ್ನನ್ನ ಹೀರೋ ಮಾಡ್ಬೇಡಿ" ಎಂದು ಅನುಮತಿ ಕೊಟ್ಟಿದ್ದಾನೆ. ಅವನ ಷರತ್ತನ್ನು ಪಾಲಿಸಲು ಪ್ರಯತ್ನಿಸುತ್ತೇನೆ.

2022ರ ಮಳೆಗಾಲ. ಹುಡುಗನಿಗೆ 19 ವರ್ಷ. ಹಾಸನದಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ. ಕಾಲೇಜಿನ ವಾಲಿಬಾಲ್ ತಂಡದಲ್ಲಿ ಒಳ್ಳೆಯ ಆಟಗಾರ. ಎಡ ಮಂಡಿಯ ಮೇಲ್ಭಾಗದಲ್ಲಿ ನೋವು ಕಾಣಿಸಿಕೊಂಡಿತು. ಆಟದಲ್ಲಿ ಉಳುಕಿರಬೇಕೆಂದು ಎಲ್ಲರೂ ಭಾವಿಸಿದರು. ಮನೆಯಲ್ಲಿ ಎಣ್ಣೆ ಹಚ್ಚಿ ನೀವಿದರು. ಆಮೇಲೆ ಮೂಳೆ ಕಟ್ಟುವವರ ಬಳಿ ಹೋಗಿ ಪಟ್ಟು ಹಾಕಿಸಿದರು. ಹೀಗೆ ಮೂರು ತಿಂಗಳು ಕಳೆಯಿತು. ಆಟ ನಿಲ್ಲಿಸಿದರೂ ನೋವು ನಿಲ್ಲಲಿಲ್ಲ. ರಾತ್ರಿ ನಿದ್ರೆಯಿಂದ ಎಬ್ಬಿಸತೊಡಗಿತು, ಮಂಡಿಯ ಮೇಲೆ ಊತ ಕಾಣಿಸಿತು. ಕೊನೆಗೆ ಹಾಸನದಲ್ಲಿ ಎಕ್ಸ್-ರೇ ತೆಗೆಸಿದಾಗ ವೈದ್ಯರು ಚಿತ್ರವನ್ನು ಬಹಳ ಹೊತ್ತು ನೋಡಿ, ಒಂದು ದಿನವನ್ನೂ ಕಳೆಯದೆ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವಂತೆ ತಂದೆಗೆ ಹೇಳಿದರು.

ಆ ಕಾಯಿಲೆಯ ಹೆಸರು ಆಸ್ಟಿಯೋಸಾರ್ಕೋಮಾ. ಮೂಳೆಯಲ್ಲಿಯೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹದಿಹರೆಯದವರನ್ನು ಹೆಚ್ಚಾಗಿ ಕಾಡುವುದು ಇದೇ. ಎತ್ತರ ಬೆಳೆಯುವ ವಯಸ್ಸಿನಲ್ಲಿ ಕಾಲಿನ ಮೂಳೆಗಳು ಹೆಚ್ಚು ವೇಗವಾಗಿ ಬೆಳೆಯುವುದು ಮಂಡಿಯ ಆಚೀಚೆ; ಈ ಗಡ್ಡೆಯೂ ಬಹುಪಾಲು ಅಲ್ಲಿಯೇ, ತೊಡೆಮೂಳೆಯ ಕೆಳತುದಿಯಲ್ಲಿ ಅಥವಾ ಮೊಳಕಾಲ ಮೂಳೆಯ ಮೇಲ್ತುದಿಯಲ್ಲಿ ಹುಟ್ಟುತ್ತದೆ. ಆದ್ದರಿಂದಲೇ ಅದು ಆಟದ ಪೆಟ್ಟಿನ ವೇಷದಲ್ಲಿ ಬರುತ್ತದೆ. ಬೆಳೆಯುವ ಮಕ್ಕಳ ಕಾಲುನೋವೆಲ್ಲ ಕ್ಯಾನ್ಸರ್ ಅಲ್ಲ, ಇದು ಅಪರೂಪದ ಕಾಯಿಲೆ. ಆದರೂ ಒಂದೇ ಜಾಗದಲ್ಲಿ ವಾರಗಟ್ಟಲೆ ಉಳಿಯುವ, ವಿಶ್ರಾಂತಿಯಿಂದ ಕಡಿಮೆಯಾಗದ, ರಾತ್ರಿ ಹೆಚ್ಚಾಗುವ ನೋವಿಗೆ ಎಣ್ಣೆಯ ಬದಲು ಒಂದು ಎಕ್ಸ್-ರೇ ಬೇಕು. ಈ ಮಾತನ್ನು ಮಕ್ಕಳಿರುವ ನನ್ನ ಹಳೆಯ ವಿದ್ಯಾರ್ಥಿಗಳೆಲ್ಲ ನೆನಪಿನಲ್ಲಿಡಬೇಕು. ಸಂದೇಹ ಬಂದ ಮೇಲೆ ಬಯಾಪ್ಸಿಯನ್ನು ಎಲ್ಲೆಂದರಲ್ಲಿ ಮಾಡಿಸಬಾರದು. ಸೂಜಿ ಹಾದುಹೋದ ದಾರಿಯನ್ನೂ ಮುಂದೆ ಗಡ್ಡೆಯೊಡನೆ ತೆಗೆಯಬೇಕಾಗುವುದರಿಂದ, ಶಸ್ತ್ರಚಿಕಿತ್ಸೆ ಮಾಡುವ ತಂಡದವರೇ ಅದನ್ನೂ ಮಾಡುವುದು ಕ್ಷೇಮ.

ಬಯಾಪ್ಸಿಯ ವರದಿ ಬಂದ ಸಂಜೆ ಬೆಂಗಳೂರಿನ ನೆಂಟರ ಮನೆಯ ಹಜಾರದಲ್ಲಿ ಹಿರಿಯರೆಲ್ಲ ಸೇರಿದೆವು. ಹುಡುಗ ಒಳಕೋಣೆಯಲ್ಲಿ ಮಲಗಿದ್ದ. ಅವನಿಗೆ ಹೇಳಬಾರದೆಂದು ಹೆಚ್ಚಿನವರು ಅಭಿಪ್ರಾಯಪಟ್ಟರು. "ಗೊತ್ತಾದ್ರೆ ಮಗು ಎದೆ ಒಡ್ಕೊಳ್ಳುತ್ತೆ, ಮೂಳೇಲಿ ನಂಜಾಗಿದೆ ಅನ್ನಿ, ಸಾಕು" ಎಂದು ಅಕ್ಕ ಸೆರಗಿನಿಂದ ಕಣ್ಣೊರಸಿಕೊಂಡಳು. ಅವನ ತಂದೆ, ಎಂದರೆ ನನ್ನ ಸೋದರಳಿಯ, "ಮಾವ, ನನ್ನ ಬಾಯಿಂದ ಆ ಮಾತು ಬರಲ್ಲ" ಎಂದು ತಲೆ ತಗ್ಗಿಸಿದ. ಹೇಳಬೇಕೆಂದವರು ಇಬ್ಬರೇ: ನಾನು, ಮತ್ತು ಹಾಸನದಲ್ಲಿ ನರ್ಸ್ ಆಗಿರುವ ಅವನ ಅತ್ತೆ. ನಮ್ಮ ಮಾತು ನಡೆಯಲಿಲ್ಲ. ತಂದೆತಾಯಿಗಳ ತೀರ್ಮಾನವನ್ನು ಮೀರಿ ನಡೆಯುವುದು ಸರಿಯಲ್ಲವೆಂದು ಸುಮ್ಮನಾದೆವು.

ಅನಂತರದ ಹನ್ನೊಂದು ದಿನ ಆ ಕುಟುಂಬ ಬದುಕಿದ ರೀತಿಯನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ವರದಿಯನ್ನು ತಾಯಿ ಸೀರೆಗಳ ಕೆಳಗೆ ಬಚ್ಚಿಟ್ಟಳು. ದೂರವಾಣಿ ಬಂದರೆ ತಂದೆ ಮೆಟ್ಟಿಲಿಳಿದು ಬೀದಿಗೆ ಹೋಗಿ ಮಾತನಾಡುತ್ತಿದ್ದ. ವೈದ್ಯರ ಕೋಣೆಗೆ ಹುಡುಗನನ್ನು ಬಿಟ್ಟು ಒಳಹೋಗುತ್ತಿದ್ದರು. ಎರಡನೆಯ ರಾತ್ರಿಯೇ ಹುಡುಗನಿಗೆ ಎಲ್ಲವೂ ತಿಳಿದಿತ್ತೆಂಬುದು ಬಯಲಾದದ್ದು ಆಮೇಲೆ. ಸ್ಕ್ಯಾನಿಂಗ್ ಚೀಟಿಯಲ್ಲಿದ್ದ ಒಂದು ಪದವನ್ನು ಮೊಬೈಲ್ ಫೋನಿನಲ್ಲಿ ಹುಡುಕಿ, ಯಾವ ಊರಿನವರೋ ಬರೆದ ಭಯಂಕರ ವಿವರಗಳನ್ನೆಲ್ಲ ಹೊದಿಕೆಯೊಳಗೆ ಒಬ್ಬನೇ ಓದಿದ್ದ. ಆದರೂ ತುಟಿ ಬಿಚ್ಚಲಿಲ್ಲ. ಏಕೆಂದು ಮುಂದೆ ಕೇಳಿದಾಗ ಅವನು ಹೇಳಿದ್ದು: "ನನಗೆ ಗೊತ್ತು ಅಂತ ಗೊತ್ತಾದ್ರೆ ಅಮ್ಮ ತಡ್ಕೊಳಲ್ಲ ಅನ್ನಿಸ್ತು."

ತಾಯಿ ಮಗನಿಂದ, ಮಗ ತಾಯಿಯಿಂದ ಒಂದೇ ಸತ್ಯವನ್ನು ಬಚ್ಚಿಟ್ಟಿದ್ದರು. ಅಳಬೇಕಾದವರು ಬೇರೆ ಬೇರೆ ಕೋಣೆಗಳಲ್ಲಿ ಅತ್ತರು. ಹನ್ನೆರಡನೆಯ ದಿನ ಆಸ್ಪತ್ರೆಯ ತರುಣ ವೈದ್ಯೆಯೊಬ್ಬರು, ಹುಡುಗನಿಗೆ ತಿಳಿಸದೆ ಕೀಮೋಥೆರಪಿ ಆರಂಭಿಸುವುದು ಸಾಧ್ಯವಿಲ್ಲ ಎಂದು ತಂದೆಗೆ ಸ್ಪಷ್ಟವಾಗಿ ಹೇಳಿ, ಅವನನ್ನು ಎದುರಿಗೆ ಕೂರಿಸಿಕೊಂಡರು. "ನಿನಗೆ ಏನಾಗಿದೆ ಅಂತ ನೀನು ತಿಳ್ಕೊಂಡಿದ್ದೀಯ?" ಎಂಬುದು ಅವರ ಮೊದಲ ಪ್ರಶ್ನೆ. ಹುಡುಗ ಕಾಯಿಲೆಯ ಹೆಸರನ್ನು ತಪ್ಪಿಲ್ಲದೆ ಹೇಳಿದ. ತಾಯಿ ಅಲ್ಲಿಯೇ ಅವನನ್ನು ತಬ್ಬಿಕೊಂಡು ಅತ್ತಳಂತೆ. ಆ ದಿನದಿಂದ ಆ ಮನೆಯಲ್ಲಿ ನಾಟಕ ನಿಂತು ಚಿಕಿತ್ಸೆ ಆರಂಭವಾಯಿತು.

ಎದೆ ಒಡೆಯುತ್ತದೆ ಎಂಬ ವಾದಕ್ಕೆ ಇಷ್ಟು ಉತ್ತರ ಸಾಲದೆನ್ನುವವರಿಗೆ, ಚಿಕಿತ್ಸೆಯ ಹಂತಗಳನ್ನೇ ಒಂದೊಂದಾಗಿ ವಿವರಿಸುತ್ತೇನೆ. ಪ್ರತಿಯೊಂದು ಹಂತದಲ್ಲಿಯೂ ರೋಗಿಗೆ ತಿಳಿದಿರಲೇಬೇಕಾದದ್ದು ಏನೆಂಬುದನ್ನು ಓದುಗರು ಗಮನಿಸಬೇಕು.

ಮೊದಲನೆಯದನ್ನು ಬರೆಯಲು ನನ್ನ ಪೀಳಿಗೆಯವರಿಗೆ ಸಂಕೋಚವಾಗುತ್ತದೆ. ಆದರೆ ಸಂಕೋಚದಿಂದಲೇ ಅನೇಕರ ಬದುಕಿನಲ್ಲಿ ಈ ಅವಕಾಶ ತಪ್ಪಿಹೋಗುತ್ತಿದೆ. ಈ ಕಾಯಿಲೆಗೆ ಕೊಡುವ ಕೆಲವು ಔಷಧಿಗಳಿಂದ ಮುಂದೆ ತಂದೆಯಾಗುವ ಶಕ್ತಿ ಕುಂದಬಹುದು. ಆದ್ದರಿಂದ ಕೀಮೋಥೆರಪಿಗೆ ಮೊದಲೇ ವೀರ್ಯವನ್ನು ಶೈತ್ಯೀಕರಿಸಿ ಸಂರಕ್ಷಿಸಿಡುವ ವ್ಯವಸ್ಥೆ ಇದೆ. ಅದಕ್ಕೆ ದೊರೆಯುವುದು ಕೆಲವೇ ದಿನಗಳ ಕಾಲಾವಕಾಶ. 'ಮೂಳೆಯಲ್ಲಿ ನಂಜು' ಎಂದು ನಂಬಿಸಿದ ಹುಡುಗನಿಗೆ ಈ ಮಾತನ್ನು ಯಾವ ಬಾಯಿಂದ ಹೇಳುವುದು? ಸತ್ಯ ತಿಳಿದಿದ್ದರಿಂದ ನಮ್ಮ ಹುಡುಗ ಆ ನಿರ್ಧಾರವನ್ನು ತಾನೇ ಮಾಡಿದ.

ಎರಡನೆಯದು ಕೀಮೋಥೆರಪಿ. 1970ರ ದಶಕಕ್ಕೆ ಮುಂಚೆ ಈ ಕಾಯಿಲೆಗೆ ಕಾಲು ತೆಗೆಯುವುದೊಂದೇ ಉಪಾಯವಾಗಿತ್ತು. ತೆಗೆದರೂ ಐವರಲ್ಲಿ ಒಬ್ಬ ಬದುಕುಳಿಯುವುದೂ ಕಷ್ಟವಾಗಿತ್ತು. ಕಣ್ಣಿಗೆ ಕಾಣದ ಕಣಗಳು ಅದಾಗಲೇ ಶ್ವಾಸಕೋಶವನ್ನು ಸೇರಿರುತ್ತಿದ್ದುದೇ ಇದಕ್ಕೆ ಕಾರಣ. ಔಷಧಿಗಳು ಬಂದ ಮೇಲೆ, ಬೇರೆಡೆಗೆ ಹರಡದ ಹಂತದಲ್ಲಿಯೇ ಪತ್ತೆಯಾಗಿ ಪೂರ್ಣ ಚಿಕಿತ್ಸೆ ಪಡೆದವರಲ್ಲಿ ಮೂವರಿಗೆ ಇಬ್ಬರಂತೆ ಗುಣ ಹೊಂದುವ ಸ್ಥಿತಿ ಉಂಟಾಗಿದೆ. 'ಪೂರ್ಣ ಚಿಕಿತ್ಸೆ' ಎಂಬ ಪದವನ್ನು ಗಮನಿಸಿ. ಎಂಟೊಂಬತ್ತು ತಿಂಗಳು, ವಾಂತಿ, ಬಾಯಿಹುಣ್ಣು, ಕೂದಲುದುರುವಿಕೆಗಳ ನಡುವೆ, ಒಂದು ಸರದಿ ಮುಗಿದು ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಸರದಿ. ಏಕೆಂದು ತಿಳಿಯದವನು ಇದನ್ನು ಎಷ್ಟು ದಿನ ಸಹಿಸಿಯಾನು?

ನಮ್ಮ ಹುಡುಗನಿಗೆ ಕೊಟ್ಟದ್ದು ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್, ಐಫಾಸ್ಫಮೈಡ್ ಎಂಬ ಔಷಧಿಗಳನ್ನು. ಮೊದಲನೆಯದು ಕೆಂಪು ದ್ರವ. ಕೊಟ್ಟ ಮೇಲೆ ಮೂತ್ರವೂ ಕೆಂಪಾಗುತ್ತದೆ, ತಿಳಿಯದವನು ರಕ್ತವೆಂದು ಹೆದರುತ್ತಾನೆ. ಐಫಾಸ್ಫಮೈಡ್‌ನಿಂದ ಮೂತ್ರಕೋಶದಲ್ಲಿ ನಿಜವಾಗಿಯೇ ರಕ್ತ ಒಸರಬಹುದಾದ್ದರಿಂದ ಜೊತೆಗೆ ರಕ್ಷಣೆಗೆ ಬೇರೊಂದು ಔಷಧಿ ಕೊಡುತ್ತಾರೆ. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೂ ಕಿವಿಗೂ ತೊಂದರೆ ಕೊಡಬಲ್ಲದು. ಕಿವಿಯಲ್ಲಿ ಗುಂಯ್ ಎಂಬ ಸದ್ದು ಆರಂಭವಾದರೆ ಅದು ಕೇಳಿಸುವುದು ರೋಗಿಗೆ ಮಾತ್ರ. ಅವನು ಹೇಳಿದರಷ್ಟೇ ವೈದ್ಯರಿಗೆ ತಿಳಿಯುವುದು.

ಎಲ್ಲಕ್ಕಿಂತ ಮುಖ್ಯವಾದುದು ಜ್ವರ. ಔಷಧಿ ಕೊಟ್ಟ ಒಂದೆರಡು ವಾರದೊಳಗೆ ಬಿಳಿ ರಕ್ತಕಣಗಳು ತೀರ ಕಡಿಮೆಯಾಗುವ ದಿನಗಳು ಬರುತ್ತವೆ. ಆಗ ಮೈಬಿಸಿ 38 ಡಿಗ್ರಿ ಸೆಲ್ಸಿಯಸ್, ಎಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ, ಎಷ್ಟು ಹೊತ್ತಿನಲ್ಲಾದರೂ ಆಸ್ಪತ್ರೆಗೆ ಧಾವಿಸಬೇಕು. ಎರಡನೆಯ ಸರದಿಯ ನಂತರ ಒಂದು ರಾತ್ರಿ ಎರಡು ಗಂಟೆಗೆ ಹುಡುಗ ತಾನೇ ಥರ್ಮಾಮೀಟರ್ ಇಟ್ಟು ನೋಡಿಕೊಂಡು, "ಅಪ್ಪ, ಏಳು, ಈಗ್ಲೇ ಹೋಗ್ಬೇಕು" ಎಂದು ತಂದೆಯನ್ನು ಎಬ್ಬಿಸಿದ. ಬೆಳಗಿನವರೆಗೆ ಕಾದಿದ್ದರೆ ಕಷ್ಟವಾಗುತ್ತಿತ್ತೆಂದು ವೈದ್ಯರು ಹೇಳಿದರು. ತನಗೆ ಬಂದಿರುವುದು ಬರಿಯ ನಂಜು ಎಂದು ತಿಳಿದಿದ್ದವನು ಒಂದು ಜ್ವರದ ಮಾತ್ರೆ ನುಂಗಿ ಮಗ್ಗುಲು ಬದಲಿಸುತ್ತಿದ್ದ. ಅವನ ಜೀವವನ್ನು ಆ ರಾತ್ರಿ ಉಳಿಸಿದ್ದು ಅವನಿಗಿದ್ದ ತಿಳಿವಳಿಕೆ.

ಮೂರನೆಯದು ಶಸ್ತ್ರಚಿಕಿತ್ಸೆ. ಈಗ ಬಹುಪಾಲು ರೋಗಿಗಳಲ್ಲಿ ಕಾಲನ್ನು ಉಳಿಸಿ, ಗಡ್ಡೆಯಿರುವ ಮೂಳೆಯ ಭಾಗವನ್ನಷ್ಟೇ ತೆಗೆದು, ಅಲ್ಲಿ ಲೋಹದ ಕೃತಕ ಮೂಳೆ ಮತ್ತು ಕೀಲನ್ನು ಜೋಡಿಸಲು ಸಾಧ್ಯವಾಗಿದೆ. ಆದರೆ ಮುಖ್ಯ ರಕ್ತನಾಳವನ್ನೋ ನರವನ್ನೋ ಗಡ್ಡೆ ಆವರಿಸಿದ್ದರೆ ಕಾಲನ್ನೇ ತೆಗೆಯಬೇಕಾಗಬಹುದು. ನಮ್ಮ ಹುಡುಗನ ಗಡ್ಡೆ ರಕ್ತನಾಳಕ್ಕೆ ಬಹಳ ಸಮೀಪದಲ್ಲಿತ್ತು. ಎರಡು ಸಾಧ್ಯತೆಗಳನ್ನೂ ಶಸ್ತ್ರಚಿಕಿತ್ಸಕರು ಅವನ ಮುಂದೆಯೇ ಇಟ್ಟರು. ತಾಯಿ ಹೇಗಾದರೂ ಕಾಲು ಉಳಿಸಿ ಎಂದು ಕೈಮುಗಿದಳು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗೆ ನೋಡಿದ ಮೇಲೆ ತೆಗೀಲೇಬೇಕು ಅನ್ನಿಸಿದ್ರೆ ತೆಗೀರಿ ಸರ್, ಅಮ್ಮನ್ನ ಕೇಳೋಕೆ ಹೊರಗೆ ಬರ್ಬೇಡಿ" ಎಂದು ಒಪ್ಪಿಗೆ ಪತ್ರಕ್ಕೆ ತಾನೇ ಸಹಿ ಹಾಕಿದ. ಅದೃಷ್ಟವಶಾತ್ ಕಾಲು ಉಳಿಯಿತು. ಅಕಸ್ಮಾತ್ ಉಳಿಯದೇ ಹೋಗಿದ್ದರೂ, ಅರಿವಳಿಕೆಯಿಂದ ಎಚ್ಚೆತ್ತು ಹೊದಿಕೆಯನ್ನು ಸರಿಸಿದಾಗ ತನಗೆ ಮೋಸವಾಯಿತು ಎಂದು ಅವನಿಗೆ ಅನ್ನಿಸುತ್ತಿರಲಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 18 ವರ್ಷ ತುಂಬಿದ, ಪ್ರಜ್ಞೆಯಿರುವ ವ್ಯಕ್ತಿಯ ಶರೀರದ ಮೇಲಿನ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವನು ಆ ವ್ಯಕ್ತಿಯೇ. 2008ರ ಜನವರಿಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಒಂದು ಮಹತ್ವದ ತೀರ್ಪು ನೀಡಿತು. ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದ ವಯಸ್ಕ ಮಹಿಳೆಯೊಬ್ಬರ ಗರ್ಭಕೋಶವನ್ನು, ಹೊರಗಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದ ಪ್ರಕರಣವದು. ತುರ್ತು ಪ್ರಾಣಾಪಾಯವಿಲ್ಲದಾಗ ತಾಯಿಯ ಒಪ್ಪಿಗೆಯು ಮಗಳ ಒಪ್ಪಿಗೆಯಾಗುವುದಿಲ್ಲ, ಮತ್ತು ರೋಗಿಗೆ ಸಾಕಷ್ಟು ಮಾಹಿತಿ ಕೊಟ್ಟು ಪಡೆದದ್ದೇ ನಿಜವಾದ ಒಪ್ಪಿಗೆ ಎಂದು ನ್ಯಾಯಾಲಯ ಹೇಳಿತು. ಹತ್ತೊಂಬತ್ತು ವರ್ಷದ ಹುಡುಗ ಮತ ಹಾಕಬಹುದು, ವಾಹನ ಓಡಿಸಬಹುದು. ತನ್ನ ಕಾಲಿನ ವಿಷಯ ತಿಳಿಯಲು ಮಾತ್ರ ಅವನು ಮಗು ಎನ್ನುವುದು ಯಾವ ನ್ಯಾಯ?

ಅಧ್ಯಾಪಕನಾಗಿ ನನ್ನ ಮನಸ್ಸನ್ನು ತಟ್ಟಿದ ಒಂದು ಉದಾಹರಣೆಯನ್ನು ಇಲ್ಲಿ ಹೇಳಬೇಕು. ಕೆನಡಾ ದೇಶದ ಟೆರ್ರಿ ಫಾಕ್ಸ್ ಎಂಬ ತರುಣನಿಗೆ 1977ರಲ್ಲಿ, 18ನೆಯ ವಯಸ್ಸಿನಲ್ಲಿ, ಇದೇ ಕಾಯಿಲೆಯಿಂದ ಬಲಗಾಲನ್ನು ಮಂಡಿಯ ಮೇಲಕ್ಕೆ ತೆಗೆಯಬೇಕಾಯಿತು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಅವನ ಪ್ರೌಢಶಾಲೆಯ ಬ್ಯಾಸ್ಕೆಟ್‌ಬಾಲ್ ತರಬೇತುದಾರರು ಆಸ್ಪತ್ರೆಗೆ ಬಂದು ಒಂದು ಪತ್ರಿಕೆಯ ಲೇಖನವನ್ನು ಅವನ ಕೈಗಿತ್ತರು. ಕೃತಕ ಕಾಲಿನಿಂದ ನ್ಯೂಯಾರ್ಕ್ ಮ್ಯಾರಥಾನ್ ಓಡಿದ ವ್ಯಕ್ತಿಯೊಬ್ಬನ ವೃತ್ತಾಂತ ಅದು. 1980ರ ಏಪ್ರಿಲ್‌ನಲ್ಲಿ ಟೆರ್ರಿ ಫಾಕ್ಸ್ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಕೃತಕ ಕಾಲಿನಿಂದ ದೇಶದ ಉದ್ದಕ್ಕೂ ಓಡಲು ಹೊರಟ. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ ಮೇಲೆ ಕಾಯಿಲೆ ಶ್ವಾಸಕೋಶಕ್ಕೆ ಹರಡಿದ್ದು ತಿಳಿದು ನಿಲ್ಲಿಸಬೇಕಾಯಿತು. 1981ರ ಜೂನ್‌ನಲ್ಲಿ, 22ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಹೆಸರಿನ ಓಟ ಇಂದಿಗೂ ಅನೇಕ ದೇಶಗಳಲ್ಲಿ ನಡೆಯುತ್ತಿದೆ. ನಾನು ಯೋಚಿಸುವುದು ಆ ತರಬೇತುದಾರರನ್ನು ಕುರಿತು. ಹುಡುಗನಿಗೆ ತನ್ನ ಸ್ಥಿತಿ ತಿಳಿದಿರದಿದ್ದರೆ ಆ ಲೇಖನವನ್ನು ಅವರು ಅವನ ಕೈಗೆ ಕೊಡಲು ಸಾಧ್ಯವಿತ್ತೇ? ಬಾಗಿಲಲ್ಲಿ ನಿಂತು, ಹಣ್ಣಿನ ಚೀಲ ಕೊಟ್ಟು, 'ಬೇಗ ಹುಷಾರಾಗು' ಎಂದು ಹೇಳಿ ಹೊರಟುಹೋಗುತ್ತಿದ್ದರು. ಸತ್ಯವನ್ನು ಮುಚ್ಚಿಟ್ಟಾಗ ರೋಗಿಗೆ ಭಯದ ಸಂಗಡ ಧೈರ್ಯದ ದಾರಿಗಳೂ ಮುಚ್ಚಿಹೋಗುತ್ತವೆ.

ಹಾಗೆಂದು ಸತ್ಯವನ್ನು ಕಲ್ಲಿನಂತೆ ಎತ್ತಿಹಾಕಬೇಕೆಂದು ನನ್ನ ಅಭಿಪ್ರಾಯವಲ್ಲ. ತರಗತಿಯಲ್ಲಿ ಹೊಸ ಪಾಠಕ್ಕೆ ಮೊದಲು, ವಿದ್ಯಾರ್ಥಿಗೆ ಈಗಾಗಲೇ ಏನು ಗೊತ್ತಿದೆಯೆಂದು ಕೇಳಿಕೊಳ್ಳಬೇಕೆಂದು ಬಿ.ಎಡ್. ತರಬೇತಿಯಲ್ಲಿ ನಮಗೆ ಕಲಿಸುತ್ತಿದ್ದರು. ಆ ವೈದ್ಯೆ ಮಾಡಿದ್ದೂ ಅದನ್ನೇ. ಕೇಳಿದ್ದಕ್ಕೆ ಸುಳ್ಳು ಹೇಳಬಾರದು. ಕೇಳದ ಅಂಕಿಅಂಶಗಳನ್ನು ಸುರಿಯಬಾರದು. ಇಂದು ಇಷ್ಟು ಸಾಕು ಎಂದು ರೋಗಿ ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಬೇಕು. ತಿಳಿಯುವ ಹಕ್ಕಿನಂತೆ ತಿಳಿಯದಿರುವ ಹಕ್ಕೂ ಅವನದೇ. ಚಿಕ್ಕ ಮಕ್ಕಳಿಗೂ ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬಹುದು. ಗುಣವಾಗುವ ಆಸೆ ಇಲ್ಲದ ಸಂದರ್ಭದಲ್ಲಂತೂ ಸತ್ಯ ಇನ್ನೂ ಅಗತ್ಯ. ಬೆಂಗಳೂರಿನ ಕರುಣಾಶ್ರಯದಂತಹ ಸಂಸ್ಥೆಗಳು ಅಂತಹ ರೋಗಿಗಳ ನೋವನ್ನು ಶಮನಗೊಳಿಸುವ ಕೆಲಸವನ್ನು ಉಚಿತವಾಗಿ ಮಾಡುತ್ತಿವೆ. ಮನೆಯವರು ಸತ್ಯವನ್ನು ಒಪ್ಪಿಕೊಳ್ಳದಿದ್ದರೆ ರೋಗಿ ಅಲ್ಲಿಯವರೆಗೆ ತಲುಪುವುದೇ ಇಲ್ಲ. ಉಳಿದ ದಿನಗಳಲ್ಲಿ ಯಾರನ್ನು ನೋಡಬೇಕು, ಯಾರಿಗೆ ಏನು ಹೇಳಬೇಕು ಎಂಬುದನ್ನು ಅವನಿಂದ ಕಸಿದುಕೊಳ್ಳುವ ಅಧಿಕಾರ ನಮಗಿಲ್ಲ.

ನೆಂಟರಿಷ್ಟರಲ್ಲಿಯೂ ಒಂದು ವಿನಂತಿ. ನೋಡಲು ಬಂದವರು ಹೇಳಿದ ಮಾತುಗಳನ್ನು ನಾನೇ ಕೇಳಿದ್ದೇನೆ. ಯಾವ ಜನ್ಮದ ಕರ್ಮವೋ ಎಂದವರೊಬ್ಬರು. ಈ ವಿಷದ ಔಷಧಿ ಬಿಡಿಸಿ ನಾಟಿ ಮದ್ದು ಕೊಡಿಸಿ ಎಂದವರು ಇನ್ನೊಬ್ಬರು. ಸರದಿಯನ್ನು ಅರ್ಧಕ್ಕೆ ಬಿಡಿಸುವ ಸಲಹೆಯಷ್ಟು ಅಪಾಯಕಾರಿಯಾದುದು ಬೇರೊಂದಿಲ್ಲ. ಅದೇ ವೇಳೆಗೆ ಪ್ಲೇಟ್‌ಲೆಟ್ ಕೊಡಲು ಸದ್ದಿಲ್ಲದೆ ಬಂದು ತೋಳು ಚಾಚಿ ಮಲಗಿದ ಅವನ ಸಹಪಾಠಿಗಳೂ ಇದ್ದರು. ತೆಂಗಿನ ತೋಟದ ಕಾವಲನ್ನು ಒಂಬತ್ತು ತಿಂಗಳು ಹೇಳದೆ ಕೇಳದೆ ನೋಡಿಕೊಂಡ ನೆರೆಯವರಿದ್ದರು. ಚಿಕಿತ್ಸೆಯ ವೆಚ್ಚಕ್ಕಾಗಿ ಸಾಲಕ್ಕೆ ಓಡುವ ಮುನ್ನ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯನ್ನು ಆಸ್ಪತ್ರೆಯಲ್ಲಿಯೇ ವಿಚಾರಿಸಬೇಕು. ಇಂತಹ ಕಾಗದಪತ್ರಗಳನ್ನೆಲ್ಲ ನಮ್ಮ ಮನೆಯಲ್ಲಿ ನೋಡಿಕೊಂಡವನೂ ರೋಗಿಯೇ. ಒಂದು ನೀಲಿ ಕಡತದಲ್ಲಿ ವರದಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ, ಪ್ರತಿ ರಕ್ತಪರೀಕ್ಷೆಯ ಅಂಕಿಗಳನ್ನು ತನ್ನ ಕೈಬರಹದಲ್ಲಿ ಬರೆದಿಡುತ್ತಿದ್ದ. ಸೀರೆಗಳ ಕೆಳಗಿದ್ದ ಆ ಮೊದಲ ವರದಿಯೂ ಈಗ ಅದರ ಮೊದಲ ಪುಟವಾಗಿದೆ.

2023ರ ಆಗಸ್ಟ್‌ನಲ್ಲಿ ಕೊನೆಯ ಸರದಿ ಮುಗಿಯಿತು. ಈಗ ಎರಡು ವರ್ಷ ದಾಟಿದೆ. ನಿಗದಿತ ಅವಧಿಗೆ ಎದೆಯ ಚಿತ್ರ ತೆಗೆಸುತ್ತಾನೆ. ಆ ವಾರ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ, ಆದರೆ ಯಾರೂ ಅದನ್ನು ಮುಚ್ಚಿಡುವುದೂ ಇಲ್ಲ. ಸಂಪೂರ್ಣ ಗುಣವಾಯಿತೆಂದು ವೈದ್ಯರು ಇನ್ನೂ ಹೇಳಿಲ್ಲ. ಓಡುವಂತಿಲ್ಲ, ಹಾರುವಂತಿಲ್ಲ, ಕಾಲೇಜಿನ ವಾಲಿಬಾಲ್ ಪಂದ್ಯಗಳಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ತೀರ್ಪುಗಾರನಾಗಿ ನಿಲ್ಲುತ್ತಾನೆ. ನಿಂತ ಒಂದು ವರ್ಷದ ಓದನ್ನು ಪೂರೈಸಿದ್ದಾನೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈಗ ಬೆಳೆದ ಮಕ್ಕಳಿದ್ದಾರೆ, ವೃದ್ಧ ತಂದೆತಾಯಿಗಳೂ ಇದ್ದಾರೆ. ನಿಮ್ಮ ಮನೆಗೆ ಇಂತಹ ವರದಿ ಎಂದೂ ಬಾರದಿರಲಿ. ಬಂದರೆ, ಅದನ್ನು ಯಾರ ಹೆಸರಿನಲ್ಲಿ ಬರೆಯಲಾಗಿದೆಯೆಂದು ಮೊದಲು ನೋಡಿ. ಅವರ ಪಕ್ಕದಲ್ಲಿ ಕುಳಿತು, ಅವರ ಕೈಹಿಡಿದು, ಅವರ ಜೊತೆಯಲ್ಲಿಯೇ ಓದಿ.